ಪರದೆ ತುಂಬ ಕಣ್ಣು

"ಇವತ್ತಿನಿಂದ ಆಫೀಸಿನ್ಯಾಗ ನಾ ಮೌಸ್ ಮುಟ್ಟಿದ್ರ ನನ್ನ ಹೆಸರ ಅವಧೂತ ಅಲ್ಲ!"

ಅವಲಕ್ಕಿ ತಟ್ಟೆಯ ಮುಂದೆ ಅವಧೂತರಾಯರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಶಿವಕಾಂತಾಬಾಯಿ ಚಹಾ ಸೋಸುತ್ತಿದ್ದರು.

"ಆ ರಾಜೀವನ್ನ ನೋಡಿ ಹೊಟ್ಟಿ ಉರಕೋಬ್ಯಾಡ್ರಿ. ಭಾಳ ಶ್ಯಾಣ್ಯಾ ಹುಡುಗ ಅವ."

"ನನ್ನ ಹೊಟ್ಟಿ ಉರೀಲಿಕ್ಕೆ ಅವನೇನ ಮೆಣಸಿನಕಾಯಿ?"

ಉರಿಯುತ್ತಿತ್ತು ಸ್ವಾಮಿ, ಧಗಧಗ ಉರಿಯುತ್ತಿತ್ತು! ೧೯೯೭ರ ಮಾತು. ಮರಾಠಿ ಸೀಮೆಯ ಹಡಪಸರದ ಒಂದು ಡಿಸೈನ್ ಕಂಪನಿಯಲ್ಲಿ ಯುನಿಕ್ಸ್ ಕಂಪ್ಯೂಟರು ಬಂದ ದಿನದಿಂದ ಇದ್ದವರು ರಾಯರು. ಮೊನ್ನೆ ಮೊನ್ನೆ ಧಾರವಾಡದಿಂದ ಬಂದ ರಾಜೀವನಾದರೋ ಮೌಸಿನ ಗೊಡವೆಗೇ ಹೋಗದೆ, ಕಪ್ಪು ಪರದೆಯಲ್ಲಿ ಪ್ರೋಗ್ರಾಮಿನ ಹೆಸರು ಕುಟ್ಟಿ, ಕೊನೆಗೊಂದು '&' ಹಚ್ಚಿ ಎಂಟರ್ ಒತ್ತುತ್ತಿದ್ದ. ಟಪ್ಪನೆ ಚಿತ್ರದ ಕಿಟಕಿ ತೆರೆಯುತ್ತಿತ್ತು. ಜರ್ಮನಿಯ ಅತಿಥಿಗಳಿಗೆ ಡೆಮೋ ಕೊಡುವವರು ಯಾರೆಂದು ಮ್ಯಾನೇಜರ್ ಸಾವಂತ ಸಾಹೇಬರು ಇವತ್ತೇ ತೀರ್ಮಾನಿಸುವವರಿದ್ದರು. ಆ ಗೌರವ ನಿನ್ನೆ ಬಂದ ಪೋರನಿಗೆ ಹೋಗುವುದೆ? ಛೆ!

ರಾಜೀವ ಚಹಾಕ್ಕೆ ಹೋದ ಸಮಯ ನೋಡಿ ರಾಯರು ಸರ್ವರಿನಲ್ಲಿದ್ದ ಅವನ ಸೆಟ್ಟಿಂಗ್ ಫೈಲನ್ನು ತಮ್ಮ ಖಾತೆಗೆ ನಕಲು ಮಾಡಿಕೊಂಡರು. ಅವನ ಕೈಚಳಕವೆಲ್ಲ ಅದರಲ್ಲೇ ಅಡಗಿದೆ ಎಂದು ಅವರ ನಂಬಿಕೆ. ಕಿಟಕಿಗಳೆಲ್ಲ ರಾಜೀವನ ಮಾನಿಟರಿನ ಮೇಲೇ ತೆರೆಯತಕ್ಕದ್ದು ಎಂಬ ಅಪ್ಪಣೆಯೂ ಅದರಲ್ಲೇ ಇತ್ತು. ಅಷ್ಟೆಲ್ಲ ಓದುವ ತಾಳ್ಮೆ ಹೊಟ್ಟೆಕಿಚ್ಚಿನವರಿಗೆ ಎಲ್ಲಿಂದ ಬರಬೇಕು!

ಸಾಹೇಬರು ಬಂದವರೇ ರಾಜೀವನ ಪಕ್ಕ ನಿಂತರು. 'ಈ ಕಡೆ ನೋಡೋ ಹಂಗ ಮಾಡ್ತೀನಿ ತಡಿ' ಎಂದುಕೊಂಡ ರಾಯರು, ತಮ್ಮ ಮೇಜಿನಿಂದಲೇ 'ಎಕ್ಸ್‌ಐಸ್' ಎಂಬ ತಮಾಷೆಯ ಪ್ರೋಗ್ರಾಮನ್ನು ಕರೆದರು. ಎರಡು ದೊಡ್ಡ ಕಣ್ಣು ತೆರೆದು, ಮೌಸಿನ ಬಾಣ ಹೋದತ್ತ ಗುಡ್ಡೆ ತಿರುಗಿಸುವುದೇ ಅದರ ಕೆಲಸ. '&' ಹಚ್ಚಿದರು, ಎಂಟರ್ ಒತ್ತಿದರು. ಏನೂ ಇಲ್ಲ! ತಪ್ಪಾಯಿತೆಂದೂ ಕಂಪ್ಯೂಟರು ಹೇಳಲೊಲ್ಲದು. ಮತ್ತೆ ಕುಟ್ಟಿದರು. ಇಲ್ಲ! ಹಲ್ಲು ಕಚ್ಚಿ ಮತ್ತೆ ಮತ್ತೆ ಕುಟ್ಟಿದರು. ಪಾಪ, ಕೀಬೋರ್ಡಿನ ಜೀವವೇ ಹೋಗಬೇಕು!

"ಅರೇ! ಹೇ ಕಾಯ್?" ಇದೇನಿದು ಎಂದು ಸಾಹೇಬರು ಮರಾಠಿಯಲ್ಲಿ ಕೂಗಿದರು.

ರಾಯರು ಕತ್ತೆತ್ತಿ ನೋಡಿದರೆ ರಾಜೀವನ ಪರದೆ ತುಂಬ ಕಣ್ಣು! ಡ್ರಾಯಿಂಗು ಪೂರ್ತಿ ಮುಚ್ಚಿಹೋಗಿತ್ತು. ರಾಜೀವ ಗಾಬರಿಯಿಂದ ಮೌಸ್ ಎಳೆದಾಡಿದಂತೆಲ್ಲ ಕಣ್ಣುಗಳೆಲ್ಲ ಒಟ್ಟಿಗೇ ಗಿರಗಿರ ತಿರುಗಿದವು. ಇದೂ ರಾಜೀವನದೇ ಕೈಚಳಕವೆಂದು ತಿಳಿದ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಸ್ತ್ ರೇ, ರಾಜೀವ! ಡೆಮೋ ತೂಚ್ ದೇ!"

ಆಯಿತಲ್ಲ, ಡೆಮೋ ರಾಜೀವನಿಗೇ ಹೋಯಿತು. ಅದನ್ನು ಕೊಡಿಸಿದವರು ಸಾಕ್ಷಾತ್ ಅವಧೂತರಾಯರು!

ಸಾಹೇಬರು ಹೋದ ಮೇಲೆ ರಾಜೀವ ಈ ಕಣ್ಣುಗಳು ಯಾರ ಖಾತೆಯಿಂದ ಬಂದವೆಂದು ಸರ್ವರಿನಲ್ಲಿ ಹುಡುಕಿ ನೋಡಿದ. ಆಮೇಲೆ ಎದ್ದು ರಾಯರ ಬಳಿ ಬಂದು, ದನಿ ತಗ್ಗಿಸಿ, ಬಲು ವಿನಯದಿಂದ ಹೇಳಿದ:

"ಸರ್ರ, ನಾ ಏನ್ ಮಾಡ್ತೀನಂತ ನೋಡ್ಬೇಕಂದ್ರ ಕುರ್ಚಿ ತಗೊಂಡ ನನ್ನ ಮಗ್ಗಲಕ್ಕ ಬಂದ ಕೂಡ್ರಿ. ಇಷ್ಟೊಂದ ಕಣ್ಣ ಯಾಕ ಕಳಸ್ತೀರಿ?"