ಖಾರದ ಹಿಂದಿನ ಪಾಳಿ

ಮನುಷ್ಯ ಮಾಡಬಾರದ ಕೆಲಸಗಳು ಎಷ್ಟೋ ಇವೆ. ಅವುಗಳಲ್ಲೆಲ್ಲ ಬಹಳ ಅಪಾಯದ್ದು ಯಾವುದೆಂದರೆ, ತನ್ನದಲ್ಲದ ಕೆಲಸವನ್ನು ಚೆನ್ನಾಗಿ ಮಾಡುವುದು. ಮದುವೆ ಮನೆಯಲ್ಲಿ ಒಮ್ಮೆ ಚೆಲ್ಲದಂತೆ ಸಾರು ಬಡಿಸಿದವನು ಮುಂದೆ ಯಾವ ಮದುವೆಯಲ್ಲೂ ಮೊದಲ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ನಾನು ಕಂಡಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಗುದ್ದು ತಿನ್ನುವಾಗ ನಡುವೆ ಬಂದು ಕೈ ಹಿಡಿಯುವವರೂ ಇರುತ್ತಾರೆ. ನನಗೆ ಅಂಥವರೊಬ್ಬರು ಸಿಕ್ಕರು. ಅವರು ಸಿಗದಿದ್ದರೆ ಇವತ್ತು ನಾನು ಹಗರಿಬೊಮ್ಮನಹಳ್ಳಿಯ ಬಜಾರಿನಲ್ಲಿ ಕತ್ತರಿ ಹಿಡಿದು ಕೂತಿರುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನ ಕೈಬಿಟ್ಟಿತು. ನಮ್ಮಪ್ಪ ನನ್ನನ್ನು ಹಂಪಸಾಗರದಿಂದ ಬಸ್ಸು ಹತ್ತಿಸಿಕೊಂಡು ಇದೇ ಊರಿಗೆ ಬಂದು, ಕೊಟ್ರಪ್ಪ ಮಾಸ್ತರರ ಟೇಲರ್ ಅಂಗಡಿಯಲ್ಲಿ ಹೊಲಿಗೆ ಕಲಿಯಲು ಬಿಟ್ಟ. ಮುಂದೆ ಅಂಗಡಿ, ಹಿಂದೆ ಮನೆ. ಕಲಿಯುವವನಿಗೆ ಪಗಾರ ಕೊಡುವ ಪದ್ಧತಿ ಆಗ ಇರಲಿಲ್ಲ. ಎರಡು ಹೊತ್ತಿನ ಊಟ, ನಡುನಡುವೆ ಚಹಾ, ಯುಗಾದಿಗೆ ಒಂದು ಜೊತೆ ಬಟ್ಟೆ. ಅದಕ್ಕೆ ಪ್ರತಿಯಾಗಿ ಮಾಸ್ತರರು ಹೇಳಿದ ಕೆಲಸ ಮಾಡಬೇಕು. ಹೇಳಿದ ಕೆಲಸವೆಂದರೆ ಅಂಗಡಿಯದೋ ಮನೆಯದೋ ಎಂದು ಯಾರೂ ಗೆರೆ ಎಳೆದಿರಲಿಲ್ಲ. ಗೆರೆ ಎಳೆಯುವ ಸೀಮೆಸುಣ್ಣ ಮಾಸ್ತರರ ಕೈಯಲ್ಲೇ ಇತ್ತಲ್ಲ! ಹೀಗಾಗಿ ಕಾಜಾ ಹಾಕಿ ಗುಂಡಿ ಹಚ್ಚುವುದು ಮುಗಿದರೆ ನಾನು ನೀರು ಸೇದುತ್ತಿದ್ದೆ, ಸಂತೆ ಮಾಡುತ್ತಿದ್ದೆ, ಮಾಸ್ತರರ ಮಕ್ಕಳ ಮೂಗು ಒರೆಸುತ್ತಿದ್ದೆ. ಮಾಸ್ತರರ ಹೆಂಡತಿ ಗೌರಮ್ಮಕ್ಕನಿಗೆ ಮೊಣಕಾಲು ನೋವು, ಕುಂತರೆ ಏಳುವುದು ಕಷ್ಟ. ಅವರ ಪಕ್ಕ ಕೂತು ರೊಟ್ಟಿ ಬಡಿಯುವುದನ್ನೂ ಕಲಿತೆ. ಕಲಿತದ್ದು ಅತಿಯಾಯಿತು. ನನ್ನ ರೊಟ್ಟಿಗಳು ಎಷ್ಟು ದುಂಡಗೆ ಬಂದವೆಂದರೆ ಮಾಸ್ತರರು ಗಿರಾಕಿಗಳ ಮುಂದೆ ಎತ್ತಿ ಹಿಡಿದು ತೋರಿಸಿದರು. ಒಬ್ಬ ಹೊಲಿಗೆಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಒಮ್ಮೆ ಊರಿಗೆ ಹೋದಾಗ ಅಪ್ಪ, "ಏನು ಕಲ್ತಿ?" ಅಂದ. ಮಷಿನ್ನಿನ ಮೇಲೆ ಇನ್ನೂ ಕೂತೇ ಇಲ್ಲ ಎನ್ನಲು ನಾಚಿಕೆಯಾಗಿ ಗೋಡೆ ನೋಡುತ್ತ ನಿಂತೆ. ಅಪ್ಪನಿಗೆ ಎಲ್ಲ ತಿಳಿಯಿತು. "ದೀಪಾವಳಿಗೆ ನನಗೊಂದು ಅಂಗಿ ನೀನೇ ಹೊಲಿದು ತಗಂಡು ಬಾ. ಇಲ್ಲಂದ್ರ ನಿಮ್ಮ ಮಾವನ ಭಟ್ಟಿಗೆ ಇಟ್ಟಿಗಿ ಹೊರಾಕ ಹೋಗು" ಎಂದು ಕಡ್ಡಿ ಮುರಿದಂತೆ ಹೇಳಿದ. ನಾನು ಇಟ್ಟಿಗೆ ಹೊರುವ ಆಳೇ ಅಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿದರೇ ನನ್ನ ಭುಜ ಓಲಾಡುತ್ತಿತ್ತು.

ವಾಪಸು ಬಂದವನೇ ಒಂದು ಉಪಾಯ ಹೂಡಿದೆ. ಒಂದು ಕೆಲಸ ಕೆಡಿಸಿದರೆ ಮತ್ತೊಂದು ಹೇಳಲಾರರು ಎಂಬುದು ನನ್ನ ಲೆಕ್ಕ. ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಜೋಳಕ್ಕೂ ಒಣಮೆಣಸಿನಕಾಯಿಗೂ ಇದ್ದದ್ದು ಒಂದೇ ಕಲ್ಲು. ಖಾರ ಬೀಸಿದ ಬೆನ್ನಿಗೆ ಜೋಳ ಹಾಕಿದವರ ಹಿಟ್ಟಿಗೆ ಅರ್ಧ ಖಾರ ಪುಕ್ಕಟೆ. ಹಾಗಾಗಿ ಮೆಣಸಿನಕಾಯಿ ಚೀಲ ಒಳಗೆ ಬಂದಿತೆಂದರೆ, ಅಲ್ಲಿಯತನಕ ಪಾಳಿಗಾಗಿ ಕೂದಲು ಹಿಡಿಯುವಂತಿದ್ದ ಜನ ಒಮ್ಮೆಗೇ ಬಲು ಮರ್ಯಾದಸ್ಥರಾಗುತ್ತಿದ್ದರು. "ನೀವ ಹಾಕ್ರಿ ಯಕ್ಕಾ." "ಇಲ್ಲ ಬಿಡ್ರಿ, ನಿಮಗ ಅವಸರ ಐತಿ, ನೀವ ಹಾಕ್ರಿ." ಆ ದಿನ ನಾನು ಯಾರ ಮರ್ಯಾದೆಗೂ ಕಾಯದೆ, ಖಾರದ ಹಿಂದೆಯೇ ನನ್ನ ಜೋಳದ ಡಬ್ಬಿ ಸುರಿದೆ.

ಮಧ್ಯಾಹ್ನ ಮಾಸ್ತರರು ರೊಟ್ಟಿ ಮುರಿದು ಬಾಯಿಗಿಟ್ಟರು. ಕಣ್ಣಲ್ಲಿ ನೀರು, ಹಣೆಯ ಮೇಲೆ ಬೆವರು. ಇನ್ನೇನು ಬೈಗುಳ ಬಂತು ಎಂದು ನಾನು ಸಂತೋಷದಿಂದ ಕಾದೆ. ಅವರು ಬಿಕ್ಕಳಿಸುತ್ತಲೇ, "ಏನ್ ರುಚಿ ಆಗೈತಲೇ! ಪಲ್ಯನ ಬೇಕಿಲ್ಲ. ಇನ್ನು ಗಿರಣಿಗಿ ನೀನ ಹೋಗು, ಯಾರನ್ನೂ ಕಳಿಸಬ್ಯಾಡ" ಅಂದು ಮತ್ತೊಂದು ರೊಟ್ಟಿ ಕೇಳಿದರು. ದೇವರು ನನ್ನ ಹಣೆಯಲ್ಲಿ ಇಟ್ಟಿಗೆಯನ್ನೇ ಬರೆದಿದ್ದಾನೆ ಎಂದುಕೊಂಡೆ.

ಗೌರಮ್ಮಕ್ಕ ಮಾತ್ರ ಒಂದು ತುತ್ತು ಉಂಡು ನನ್ನ ಮುಖ ನೋಡಿದರು. "ಹಾಲೇಶಿ, ಖರೇ ಹೇಳು. ಬೇಕಂತ ಮಾಡಿದಿ ಹೌದಿಲ್ಲೋ?" ಅಪ್ಪನ ಮಾತು, ಅಂಗಿ, ಇಟ್ಟಿಗೆ ಭಟ್ಟಿ, ಎಲ್ಲವನ್ನೂ ಅಳುತ್ತ ಹೇಳಿದೆ. ಅವರು ಬೈಯಲಿಲ್ಲ. ಗೋಡೆ ಹಿಡಿದು ಎದ್ದು, ಉಂಡು ಅಂಗಡಿಗೆ ಹೋಗಿದ್ದ ಮಾಸ್ತರರ ಮುಂದೆ ಹೋಗಿ ನಿಂತರು.

"ನೋಡ್ರಿ, ಈ ಹುಡುಗ ಹೊಲಿಗಿ ಕಲಿಯಾಕ ಬಂದಾನ. ನನ್ನ ಮನಿ ಕೆಲಸ ಕಲಿಯಾಕ ಬಂದಿಲ್ಲ. ಇವತ್ತಿನಿಂದ ಅವನು ಒಲಿ ಮುಂದ ಬರಂಗಿಲ್ಲ."

"ನಮ್ಮ ಗುರುಗಳು ನನ್ನ ಕಡಿಂದ ಎಮ್ಮಿ ಮೈ ತೊಳಸ್ಯಾರ. ನಾ ಕಲೀಲಿಲ್ಲೇನು?" ಅಂದರು ಮಾಸ್ತರರು.

"ಅದಕ್ಕ ನೀವು ಹೊಲಿದ ಕಾಲರು ಇವತ್ತಿಗೂ ಒಂದು ಕಡಿ ಮ್ಯಾಲ, ಒಂದು ಕಡಿ ಕೆಳಗ."

ಗಿರಾಕಿಯೊಬ್ಬ ತನ್ನ ಕಾಲರು ಮುಟ್ಟಿ ನೋಡಿಕೊಂಡ. ಅಕ್ಕ ಬಿಡಲಿಲ್ಲ. "ಅವನು ಕಾಜಾ ಹಾಕಿದ ಅಂಗಿಗೆ ಈ ಗಿರಾಕಿಗಳು ರೊಕ್ಕ ಕೊಡಂಗಿಲ್ಲೇನು? ಸಂತಿ ದಿನ ಅದರಾಗ ಅವನ ಪಾಲು ಅವನ ಕೈಯಾಗ ಇಡ್ರಿ. ಕಲಿಯೋರಿಗೂ ಖರ್ಚು ಇರತಾವ."

"ಮತ್ತ ಗಿರಣಿಗಿ ಯಾರು ಹೋಗ್ಬೇಕು?"

"ಉಣ್ಣೋರು ಹೋಗ್ರಿ."

ಮಾರನೆಯ ದಿನದಿಂದ ನಾನು ಮಷಿನ್ನಿನ ಮೇಲೆ, ಮಾಸ್ತರರು ಗಿರಣಿಯ ದಾರಿಯಲ್ಲಿ. ಅವರದೂ ದೊಡ್ಡ ಮನಸ್ಸೇ. ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಕಟಿಂಗಿನ ಒಳಗುಟ್ಟನ್ನೆಲ್ಲ ಬಿಚ್ಚಿ ಕಲಿಸಿದರು. ಸಂತೆಯ ದಿನ ನನ್ನ ಪಾಲು ತಪ್ಪಲಿಲ್ಲ. ದೀಪಾವಳಿಗೆ ಅಪ್ಪನ ಅಂಗಿ ಒಯ್ದೆ. ಒಂದು ತೋಳು ತುಸು ಗಿಡ್ಡವಿತ್ತು. ಅಪ್ಪ ಆ ಕೈಯನ್ನು ಮಡಚಿಕೊಂಡೇ ಊರೆಲ್ಲ ತಿರುಗಿ ಬಂದ. ಆದರೆ ಮೊಣಕಾಲು ನೋವಿನ ಆ ತಾಯಿ, ಕೈಗೆ ಬಂದ ಆಸರೆಯನ್ನು ತಾವೇ ಬಿಟ್ಟುಕೊಟ್ಟು ಮತ್ತೆ ಒಲೆಯ ಮುಂದೆ ಒಬ್ಬರೇ ಕೂತರಲ್ಲ, ಅದನ್ನು ನೆನೆದಾಗಲೆಲ್ಲ ನನ್ನ ಕೈಗಳು ತಾವಾಗಿಯೇ ಒಂದಾಗುತ್ತವೆ. ಆ ಋಣ ತೀರುವಂಥದ್ದಲ್ಲ.

ಮುಂದೆ ನನ್ನದೇ ಅಂಗಡಿ ಆಯಿತು, ಕಲಿಯುವ ಹುಡುಗರೂ ಬಂದರು. ನನ್ನ ಮದುವೆಗೆ ಬಂದಿದ್ದ ಗೌರಮ್ಮಕ್ಕ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ ಹೋದರು. ಏನೆಂದು ಮದುವೆಯ ಹೊಸತರಲ್ಲೇ ಒಮ್ಮೆ ಹಿಟ್ಟು ಮುಗಿದಾಗ ತಿಳಿಯಿತು. "ಹುಡುಗರು ಹೊಲೀಲಿ. ಉಣ್ಣೋರು ಹೋಗ್ರಿ" ಎಂದು ಜೋಳದ ಡಬ್ಬಿ ಕೈಗೆ ಕೊಟ್ಟಳು. ಜೊತೆಗೆ, "ಬಂದು ಎರಡು ರೊಟ್ಟಿ ಬಡಿರಿ, ನಿಮ್ಮವು ದುಂಡಗ ಬರತಾವಂತ" ಅಂದಳು.

ಗಿರಣಿಗೆ ಹೋದರೆ ನನ್ನ ಮುಂದೆ ಅದೇ ಹಳೆಯ ಡಬ್ಬಿ ಹಿಡಿದು ಕೊಟ್ರಪ್ಪ ಮಾಸ್ತರರು! ಇಬ್ಬರೂ ಸ್ವಲ್ಪ ಹೊತ್ತು ಹವೆಯ ಬಗ್ಗೆ ಮಾತಾಡಿದೆವು. ಅವರ ಪಾಳಿ ಬಂತು. ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದು, ನನ್ನ ಬೆನ್ನ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ನೀನ ಮೊದಲು ಹಾಕಪಾ ಹಾಲೇಶಿ. ಅಂಗಡ್ಯಾಗ ನಿನಗ ಕೆಲಸ ಇರತೈತಿ."

ಗುರುಗಳ ಮಾತು ಮೀರಬಾರದೆಂದು ಡಬ್ಬಿ ಸುರಿದೆ. ಸುರಿದ ಮೇಲೆ ಮೂಗಿಗೆ ಖಾರದ ಘಾಟು ಹತ್ತಿ ಒಂದು ಸೀನು ಬಂತು.