ಮುಖ ತೋರಿಸದ ಎಮ್ಮೆ

ಮಾರ್ಗಶಿರದ ಒಂದು ಸೋಮವಾರ, ಬೆಳಗಿನ ಆರು ಗಂಟೆಗೆ, ಬಸವಕಲ್ಯಾಣದ ನಮ್ಮ ಮನೆಯ ಕೊಟ್ಟಿಗೆಯ ಬಾಗಿಲಲ್ಲಿ ನಾನು ನಿಂತಿದ್ದೆ. ಬಲಗಾಲು ಹೊಸ್ತಿಲ ಮೇಲಿತ್ತು. ಎಡಗಾಲು ಸೆಗಣಿಯಲ್ಲಿತ್ತು. ಕೈಯಲ್ಲಿ ಫೋನು, ಎದುರಿಗೆ ಎಮ್ಮೆ. ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ.

ಎಮ್ಮೆಯನ್ನು ಆ ವಾರವೇ ಮಾರಬೇಕಿತ್ತು. ನನ್ನ ಹೆಂಡತಿ ಮಹಾದೇವಿಗೆ ಮುಂದಿನ ವಾರ ಮೊಣಕಾಲಿನ ಆಪರೇಷನ್. ಆಮೇಲೆ ಅವಳು ಕುಕ್ಕರಗಾಲಿನಲ್ಲಿ ಕೂತು ಹಾಲು ಹಿಂಡುವಂತಿಲ್ಲ. ಮಾರದಿದ್ದರೆ ಹಿಂಡುವವನು ನಾನು! ಹಿಂದೊಮ್ಮೆ ಪ್ರಯತ್ನಿಸಿದ್ದೆ. ಬಕೀಟು ಒಂದು ಕಡೆ ಬಿತ್ತು, ನಾನು ಇನ್ನೊಂದು ಕಡೆ.

ಹುಮನಾಬಾದಿನ ಹಾಲಿನ ವ್ಯಾಪಾರಿ ಬಾಬುರಾವ್ ಫೋನಿನಲ್ಲಿ ಸರಳವಾಗಿ ಹೇಳಿದ್ದ: “ಕಾಕಾ, ಮಾರಿ, ಕೆಚ್ಚಲ, ನಾಕೂ ಕಾಲು ಕಾಣೂಹಂಗ ಒಂದ್ ವಿಡಿಯೊ ಕಳಸ್ರಿ. ಪಸಂದ ಆದ್ರ ಬಂದ್ ಒಯ್ತೀನಿ.” ಮಾರಿ ಎಂದರೆ ನಮ್ಮ ಕಡೆ ಮುಖ.

ಆದರೆ ಅದಕ್ಕೂ ಮೊದಲು ನಾನು ಫೋನಿನಲ್ಲಿ ಒಂದು ಪಾಠ ಕೇಳಿಬಿಟ್ಟಿದ್ದೆ. ಸಿನಿಮಾದ ಮೊದಲ ದೃಶ್ಯ ಏನನ್ನೂ ಪೂರ್ತಿ ತೋರಿಸಬಾರದಂತೆ. ಹೆಜ್ಜೆ ಕೇಳಬೇಕು, ನಡೆಯುವವರು ಕಾಣಬಾರದು. ನೋಡುವವನ ಎದೆ ಡವಗುಟ್ಟಬೇಕು. ಈ ನಿಯಮ ಎಮ್ಮೆಗೂ ಅನ್ವಯಿಸುತ್ತದೆ ಎಂದು ನಿರ್ಧರಿಸಿದವನು ನಾನೊಬ್ಬನೇ.

ಮಂಜಿನಿಂದ ಆರಂಭಿಸಿದೆ. ಕತ್ತಲ ಕೊಟ್ಟಿಗೆ. ಭಾರವಾದ ಉಸಿರು. ನೆಲದ ಮೇಲೆ ಎಳೆದಾಡುವ ಹಗ್ಗ. ಒಂದು ಗೊರಸು. ಗೋಡೆಯ ಮೇಲೆ ಕೋಡಿನ ನೆರಳು. ಬಾಗಿಲು ಕಿರ್ರೆಂದಿತು. ಎಮ್ಮೆ ಇನ್ನೇನು ಮುಖ ತಿರುಗಿಸಬೇಕು, ಅಷ್ಟರಲ್ಲಿ ಕತ್ತಲು!

ಮಹಾದೇವಿ ನೋಡಿದಳು. “ಏನ್ರಿ, ಇದ್ರಾಗ ಎಮ್ಮಿ ಎಲ್ಲದ?”

“ಅದೇ ರಹಸ್ಯ.”

“ರಹಸ್ಯ ಯಾರ್ ಖರೀದಿ ಮಾಡ್ತಾರ್ರಿ?”

ಕಲೆ ಗೊತ್ತಿಲ್ಲದವರ ಜೊತೆ ವಾದ ಬೇಡವೆಂದು ವಿಡಿಯೊ ಕಳಿಸಿದೆ. ಸ್ವಲ್ಪ ಹೊತ್ತಿಗೆ ಬಾಬುರಾವ್ ಫೋನ್ ಮಾಡಿದ.

“ಕಾಕಾ, ಖರೇ ಹೇಳ್ರಿ. ಎಮ್ಮಿ ಜೀವಂತ ಅದ ಏನ್?”

“ಇದೆ.”

“ಮತ್ತ ಮಾರಿ ಯಾಕ ತೋರ್ಸಿಲ್ಲ? ಒಂದ್ ಕಣ್ಣ ಇಲ್ಲೇನು? ಕಳವಿನ ಮಾಲೇನು?”

ಆಹಾ, ಕುತೂಹಲ ಹುಟ್ಟಿತ್ತು! ನಾನು ಗಂಭೀರವಾಗಿ, “ಬಂದು ನೋಡಿದರೆ ತಿಳಿಯುತ್ತದೆ” ಎಂದು ಫೋನ್ ಇಟ್ಟೆ.

ಭಾನುವಾರ ಹುಮನಾಬಾದಿನಿಂದ ಒಂದು ಜೀಪು ತುಂಬ ಜನ ಬಂದರು. ಬಾಬುರಾವ್ ವಿಡಿಯೊವನ್ನು ಊರಿಗೆಲ್ಲ ಹಂಚಿದ್ದನಂತೆ. ದಾರಿಯಲ್ಲಿ ರಾಜೇಶ್ವರ ಊರಿನವರೂ ಮೋಟಾರ್ ಸೈಕಲ್ ಹತ್ತಿ ಹಿಂಬಾಲಿಸಿದ್ದರು. ಒಬ್ಬ ಎಮ್ಮೆ ಕುರುಡು ಎನ್ನುತ್ತಿದ್ದ. ಇನ್ನೊಬ್ಬ ಅದು ಎಮ್ಮೆಯೇ ಅಲ್ಲ, ಕೋಣ ಎಂದು ವಾದಿಸುತ್ತಿದ್ದ. ಇಷ್ಟು ಗಿರಾಕಿಗಳನ್ನು ಕಂಡು ನನ್ನ ಎದೆ ಉಬ್ಬಿತು.

ಮಹಾದೇವಿ ಕುಂಟುತ್ತ ಹೋಗಿ ಎಮ್ಮೆಯನ್ನು ಹೊರಗೆ ತಂದಳು. ಎರಡು ಕಣ್ಣು. ಎರಡು ಕೋಡು. ತುಂಬಿದ ಕೆಚ್ಚಲು.

“ಇಷ್ಟೇ ಏನ್ರಿ?” ಎಂದ ಒಬ್ಬ.

“ಥೂ, ಪೆಟ್ರೋಲ್ ದಂಡ ಆತಲ್ಲೋ!” ಎಂದ ಇನ್ನೊಬ್ಬ.

ಎಲ್ಲರೂ ಚಹಾ ಕುಡಿದರು. ಬಾಬುರಾವ್ ಎಮ್ಮೆಯ ಬೆನ್ನು ಸವರಿದ. “ಎಮ್ಮಿ ಭಾಳ ಚಂದ ಅದ್ರಿ ಕಾಕಾ. ಆದ್ರ ನಾ ನಿನ್ನೇನೇ ಚಿಟಗುಪ್ಪದಾಗ ಒಂದ್ ತೊಗೊಂಡೀನಿ. ಅವ್ರು ಮಾರಿ ತೋರ್ಸಿದ್ರು.”

“ಮತ್ತೆ ಇವತ್ತು ಬಂದದ್ದು?”

“ನಿದ್ದಿ ಹತ್ತವಲ್ದಾಗಿತ್ರಿ. ನೋಡೇ ಬಿಡೂಣು ಅಂತ ಬಂದೆ!”

ಜೀಪು ಹೋಯಿತು. ಎಮ್ಮೆ ಉಳಿಯಿತು. ಆಪರೇಷನ್ ಆಯಿತು.

ಈಗ ದಿನಾ ಎರಡು ಹೊತ್ತು ನಾನೇ ಹಿಂಡುತ್ತೇನೆ. ಮಹಾದೇವಿಯ ವಾಸನೆ ಬಾರದೆ ಎಮ್ಮೆ ಸೊರೆ ಬಿಡುವುದಿಲ್ಲ, ಕೆಚ್ಚಲಿಗೆ ಹಾಲು ಇಳಿಸುವುದೇ ಇಲ್ಲ. ಆದ್ದರಿಂದ ಅವಳ ಹಳೆಯ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕೈಗೆ ಹಸಿರು ಬಳೆ ತೊಟ್ಟು ಕೂರುತ್ತೇನೆ. ಬಳೆ ಸದ್ದಾಗಲೇಬೇಕು, ಇಲ್ಲದಿದ್ದರೆ ಒದೆ ಖಚಿತ!

ಇದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ಮೂವರು. ಒಬ್ಬಳು ಮಹಾದೇವಿ, ಕಿಟಕಿಯ ಬಳಿ ಮಂಚದ ಮೇಲೆ ಕೂತು “ಸೆರಗ ಸರಿಮಾಡ್ಕೋರಿ” ಎನ್ನುತ್ತಾಳೆ. ಇನ್ನೊಬ್ಬ ಪಕ್ಕದ ಮನೆಯ ಗುಂಡಪ್ಪ. ನಗುತ್ತ ಕಾಂಪೌಂಡ್ ಗೋಡೆಯಿಂದ ಬಿದ್ದರೂ ಉಳಿದಿದ್ದಾನೆ. ಮೂರನೆಯದು ಎಮ್ಮೆ. ಅದಕ್ಕೆ ಮಾತ್ರ ನನ್ನ ಮೇಲೆ ಇನ್ನೂ ಅನುಮಾನ ಬಂದಿಲ್ಲ.