ಬೆಳಗಿನ ದಾರಿ, ಸಂಜೆಯ ದಾರಿ

ಆ ಗುರುವಾರವೂ ನಾವು ತಡವಾಗಿಯೇ ಮುಟ್ಟಿದೆವು. ನಾನು ಸೂಡಿಯ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವವಳು, ಮನೆ ಗಜೇಂದ್ರಗಡದಲ್ಲಿ. ನಮ್ಮ ಮನೆಯವರು ಗಜೇಂದ್ರಗಡದಲ್ಲಿ ಮಿಕ್ಸಿ, ಫ್ಯಾನು, ನೀರಿನ ಮೋಟರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ದಿನಾ ಬೆಳಿಗ್ಗೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಸೂಡಿಗೆ ಬಿಟ್ಟು, ತಿರುಗಿ ಹೋಗಿ ಅಂಗಡಿ ತೆಗೆಯುತ್ತಿದ್ದರು. ಸಂಜೆ ಮತ್ತೆ ಬಂದು ಕರೆದೊಯ್ಯುತ್ತಿದ್ದರು. ಹೇಳುವುದಕ್ಕೆ ಇಷ್ಟೇ. ಆದರೆ ಅವರ ಬೈಕಿಗೆ ನೆಟ್ಟಗೆ ಹೋಗುವ ರೂಢಿ ಇರಲಿಲ್ಲ. ಕ್ರಾಸಿನ ಚಹಾದಂಗಡಿಯಲ್ಲಿ ಅದು ನಿಲ್ಲಲೇಬೇಕು. ಹೊಲದ ಬದುವಿನ ಮೇಲೆ ಯಾರಾದರೂ ಕೈ ಎತ್ತಿದರೆ ನಿಲ್ಲಬೇಕು. ಅವರು ತಲೆ ಕೆರೆದುಕೊಳ್ಳಲು ಕೈ ಎತ್ತಿದ್ದರೂ ಇವರು ನಿಲ್ಲಿಸಿ, ಏನಾತು, ಮೋಟರ್ ಸುಟ್ಟತೇನು ಎಂದು ಕೇಳುತ್ತಿದ್ದರು. ಕೇಳಿದ ಮೇಲೆ ಅವರ ಮನೆಯಲ್ಲಿ ಏನಾದರೊಂದು ಸುಟ್ಟೇ ಇರುತ್ತಿತ್ತು.

ಆ ದಿನ ಒಂದು ಹೊಲದಲ್ಲಿ ಮೋಟರು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಇವರು ಮಂಡಿಯೂರಿ ಕೂತು, ಡಾಕ್ಟರರ ಹಾಗೆ ಅದಕ್ಕೆ ಕಿವಿ ಹಚ್ಚಿದರು. ನಾನು ಊಟದ ಡಬ್ಬಿ ಹಿಡಿದು ಬಿಸಿಲಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಮೋಟರು ತಿರುಗಿತು, ಅವರಿಗೆ ಒಂದು ಚೀಲ ಬದನೆಕಾಯಿ ಸಿಕ್ಕಿತು, ನನಗೆ ಸಿಟ್ಟು ಬಂತು. ನಾನೇ ಗಾಡಿ ಕಲಿತು, ಎಲ್ಲಿಯೂ ನಿಲ್ಲದೆ, ಬಿಟ್ಟ ಬಾಣದ ಹಾಗೆ ಸೂಡಿಗೆ ಹೋಗುತ್ತೇನೆ ಎಂದೆ. ಅವರು ಕಿಕ್ ಹೊಡೆಯುತ್ತ ನಕ್ಕರು.

“ಕಲಿ, ಗಿರಿಜಾ. ಆದ್ರ ಮೊದ್ಲ ಮುಂದ ನೋಡೂದು ಕಲಿ. ಮದುವ್ಯಾದಾಗಿಂದ ಬರೇ ಒಂದ ಕಡೆ ನೋಡ್ಕೋತ ಬಂದೀ.”

ನಾನು ಬದನೆಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸೀರೆ ಉಟ್ಟ ಹೆಂಗಸರು ಕೂರುವ ಹಾಗೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತೆ. ಗ್ರಂಥಾಲಯದ ಬಾಗಿಲಲ್ಲಿ ಹುಸೇನಸಾಬ ಅಜ್ಜ ಕಾಯುತ್ತಿದ್ದರು. ಹೊಲಮನೆಯನ್ನು ಮಕ್ಕಳಿಗೆ ಒಪ್ಪಿಸಿ ಪೇಪರನ್ನು ತಾವು ಇಟ್ಟುಕೊಂಡಿರುವ ಹಿರಿಯರು. ಮೊದಲ ಬಸ್ಸಿಗೆ ಬಂದ ಪೇಪರನ್ನು ಯಾರೋ ಕಿಟಕಿಯಿಂದ ಒಳಗೆ ತೂರುತ್ತಾರೆ, ಅದು ನೆಲದ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅಜ್ಜ ಕಂಬಿಗೆ ಹಣೆ ಹಚ್ಚಿ ಅದನ್ನು ಹಾಗೆಯೇ ಓದುತ್ತಿದ್ದರು. ಅರ್ಧ ಸುದ್ದಿ ಆಯಿತು, ಉಳಿದರ್ಧಕ್ಕೆ ಬೀಗ ತೆಗೆಯಬೇಕಾಗುತ್ತದೆ ಎಂದು ನನಗೆ ತಿಳಿಸಿದರು.

ಮರುದಿನ ನಸುಕಿನಲ್ಲಿ ನಮ್ಮವರು ಎದೆ ಹಿಡಿದುಕೊಂಡು ಹಾಸಿಗೆಯ ಮೇಲೆ ಎದ್ದು ಕೂತರು. ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅದೊಂದು ಸಲ ಮಾತ್ರ ಅವರು ದಾರಿಯಲ್ಲಿ ಎಲ್ಲಿಯೂ ನಿಲ್ಲದೆ ಹೋದರು.

ದಿನಕರ್ಮ ಮುಗಿದ ಮೇಲೆ ರೋಣದಿಂದ ಅಣ್ಣ ಬಂದು ನಯವಾಗಿ ಹೇಳಿದ. ಗ್ರಂಥಾಲಯ ಬಿಟ್ಟು ರೋಣಕ್ಕೆ ಬಂದುಬಿಡು, ನಮ್ಮ ಮನೆಯಲ್ಲಿ ಒಂದು ಖೋಲಿ ಖಾಲಿಯೇ ಇದೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸೂಡಿಗೆ ನನಗೆ ಹೊಂದುವ ಬಸ್ಸು ಎರಡು. ಮೊದಲನೆಯದು ಹೊರಡುವ ಹೊತ್ತಿಗೆ ನಮ್ಮ ಓಣಿಗೆ ನೀರು ಬಂದಿರುತ್ತದೆ, ಎರಡನೆಯದು ಮುಟ್ಟುವ ಹೊತ್ತಿಗೆ ಓದುವವರು ಊಟಕ್ಕೆ ಎದ್ದಿರುತ್ತಾರೆ. ಪಂಚಾಯತಿಯವರು ಒಳ್ಳೆಯವರೇ, ಆದರೆ ಬೀಗ ಬಿದ್ದ ಗ್ರಂಥಾಲಯವನ್ನು ಅವರಾದರೂ ಎಷ್ಟು ದಿನ ನೋಡಿಯಾರು? ಆದರೆ ಖಾಲಿ ಖೋಲಿ ನಮ್ಮ ಮನೆಯಲ್ಲೂ ಇತ್ತು. ಅದಕ್ಕೆ ರೋಣದವರೆಗೆ ಹೋಗುವ ಅಗತ್ಯ ಕಾಣಲಿಲ್ಲ. ಶ್ರಾವಣ ಮುಗಿಯುವುದರೊಳಗೆ ಗಾಡಿ ಕಲಿತು ಹೊತ್ತಿಗೆ ಸರಿಯಾಗಿ ಗ್ರಂಥಾಲಯ ತೆಗೆಯುತ್ತೇನೆ, ಆಗದಿದ್ದರೆ ನೀನು ಹೇಳಿದ ಹಾಗೆ ಆಗಲಿ ಎಂದು ಮಾತು ಕೊಟ್ಟೆ. ನಮ್ಮವರ ಬೈಕನ್ನು ಮೆಕ್ಯಾನಿಕನಿಗೆ ಕೊಟ್ಟು, ಹಳೆಯ ಸ್ಕೂಟಿಯೊಂದನ್ನು ತಂದುಕೊಂಡೆ.

ಗುರಿ ಮುಟ್ಟುವುದು ಹೇಗೆ ಎನ್ನುವುದಕ್ಕೆ ನನ್ನಷ್ಟು ಪುಸ್ತಕ ಕೈಗೆ ಸಿಗುವ ಹೆಂಗಸು ನಮ್ಮ ಕಡೆ ಮತ್ತೊಬ್ಬಳಿಲ್ಲ. ಗ್ರಂಥಾಲಯದ ಒಂದು ಇಡೀ ಕಪಾಟಿನ ತುಂಬ ಅವೇ ಇವೆ. ಏಕಾಗ್ರತೆ, ಯಶಸ್ಸು, ಛಲ. ರಟ್ಟಿನ ಮೇಲೆ ಬೆಟ್ಟದ ತುದಿಯಲ್ಲಿ ಒಬ್ಬ ಮನುಷ್ಯ ಕೈ ಎತ್ತಿ ನಿಂತಿರುತ್ತಾನೆ. ನಮ್ಮವರು ಕಂಡಿದ್ದರೆ ಅವನ ಹತ್ತಿರವೂ ಗಾಡಿ ನಿಲ್ಲಿಸುತ್ತಿದ್ದರು. ಈ ಪುಸ್ತಕಗಳನ್ನು ಯಾರೂ ಒಯ್ಯುವುದಿಲ್ಲ, ನಾನು ಒಯ್ದೆ. ಒಂದು ಪುಸ್ತಕ ಗುರಿಯನ್ನು ಹತ್ತು ಮಂದಿಗೆ ಹೇಳು ಎಂದಿತು, ಇನ್ನೊಂದು ಯಾರಿಗೂ ಹೇಳಬೇಡ ಎಂದಿತು. ಪಕ್ಕದ ಮನೆಯ ಶಾಂತಕ್ಕ ಒಬ್ಬಳಿಗೆ ಹೇಳಿದೆ, ಎರಡೂ ಪುಸ್ತಕದ ಮಾತು ನಡೆಸಿದ ಹಾಗಾಯಿತು. ಗುರಿಯನ್ನು ಬರೆದು ಕನ್ನಡಿಗೆ ಅಂಟಿಸು ಎಂದು ಮೂರನೆಯದು ಹೇಳಿತು. ಕನ್ನಡಿಯ ಅಂಚಿಗೆ, ನಾನು ಮೊದಲು ಹಣೆಯಿಂದ ತೆಗೆದು ಹಚ್ಚಿಟ್ಟಿದ್ದ ಟಿಕಳಿಗಳು ಹಾಗೆಯೇ ಇದ್ದವು. ಚೀಟಿ ಹಿಡಿದುಕೊಂಡು ಅವುಗಳನ್ನು ನೋಡುತ್ತ ನಿಂತೆ, ಕುಕ್ಕರು ಕೂಗಿತು, ಅನ್ನ ತಳ ಹಿಡಿಯಿತು. ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆ. ಧಾರವಾಡದಲ್ಲಿ ಓದುವ ಮಗಳು ಫೋನಿಗೆ ಸ್ಕೂಟಿ ಕಲಿಸುವ ವಿಡಿಯೋ ಕಳಿಸಿದಳು. ಬ್ಯಾಲೆನ್ಸು ನೋಡಲು ಕೂತವಳು ಮಾವಿನಕಾಯಿ ಉಪ್ಪಿನಕಾಯಿಯವರೆಗೆ ನೋಡಿ ಎದ್ದೆ. ಒಂದು ವಿಷಯ ಮಾತ್ರ ಸರಿಯಾಗಿ ತಿಳಿಯಿತು, ಸಾಸಿವೆಯನ್ನು ಹುರಿಯಬಾರದು.

ಶಾಂತಕ್ಕ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಾಳೆ. ಸಂಜೆ ಊರ ಹೊರಗಿನ ಬಯಲಿಗೆ ನನ್ನನ್ನು ಕರೆದೊಯ್ದು ಕಲಿಸಿದಳು. ಬ್ರೇಕು ಬಂತು, ಬ್ಯಾಲೆನ್ಸು ಬಂತು, ಕತ್ತು ಮಾತ್ರ ಬರಲಿಲ್ಲ. ಗಾಡಿ ಹೊರಟ ಕೂಡಲೇ ನನ್ನ ಮುಖ ತಾನೇ ಎಡಕ್ಕೆ ಹೊರಳುತ್ತಿತ್ತು. ಮುಖ ಹೋದ ಕಡೆ ಗಾಡಿಯೂ ಹೋಗುತ್ತಿತ್ತು. ಮೊದಲ ವಾರವೇ ಒಬ್ಬರ ಹೆಸರುಕಾಳಿನ ಹೊಲದೊಳಗೆ ಹೋಗಿ ನಿಂತೆ. ಕಪ್ಪು ಎರಿ ಮಣ್ಣು ಗಾಲಿಗೆ ಮೆತ್ತಿ ಗಾಡಿ ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಇಬ್ಬರೂ ಕಡ್ಡಿ ತಗೊಂಡು ಕೆರೆಯುತ್ತ ಕೂತೆವು.

“ಅಲ್ರೀ ಅಕ್ಕಾರ, ಆ ಕಡೆ ಅಂಥಾದ್ದೇನೈತ್ರಿ ನೋಡಾಕ?” ಎಂದು ಶಾಂತಕ್ಕ ಕೇಳಿದಳು.

ಏನೂ ಇರಲಿಲ್ಲ. ನೋಡುವುದೆಂದರೆ ಆ ಕಡೆ ನೋಡುವುದು ಎಂದು ನನ್ನ ಕತ್ತು ತಿಳಿದುಕೊಂಡಿತ್ತು, ಅಷ್ಟೇ.

ಆದರೂ ಕಲಿತೆ. ಒಂದು ಸೋಮವಾರ ಒಬ್ಬಳೇ ಹೊರಟೆ. ಎಲ್ಲಿಯೂ ನಿಲ್ಲಬಾರದು, ಆಚೀಚೆ ನೋಡಬಾರದು ಎಂದು ಪುಸ್ತಕದ ಮಾತುಗಳನ್ನೆಲ್ಲ ಬಾಯಲ್ಲಿ ಹೇಳಿಕೊಳ್ಳುತ್ತ ಕತ್ತು ಬಿಗಿಹಿಡಿದು ನಡೆಸಿದೆ. ಅರ್ಧ ದಾರಿಯಲ್ಲಿ ಹೆದರಿಕೆ ಬಂತು. ಬಲಗಡೆ ಒಂದು ಕಲ್ಲಿನ ಬಾವಿ, ಅದರ ಪಕ್ಕ ಬಾಗಿದ ಬೇವಿನ ಮರ. ಅದು ಸಂಜೆಯ ಬಾವಿ. ಮನೆಗೆ ಬರುವಾಗ ನನಗೆ ಕಾಣುವ ಬಾವಿ. ಬೆಳಿಗ್ಗೆ ಹೋಗುವಾಗ ಅದು ಇರಲೇಬಾರದು. ಮುಂದೆ ಹೋದರೆ ಸಂಜೆಯ ಗುಡಿ ಬಂತು, ಸಂಜೆಯ ದನದ ಕೊಟ್ಟಿಗೆ ಬಂತು. ಯಾವುದೋ ತಿರುವಿನಲ್ಲಿ ನನಗೆ ತಿಳಿಯದೆಯೇ ಹೊರಳಿ ಗಜೇಂದ್ರಗಡದ ಕಡೆಗೇ ಹೊರಟಿದ್ದೇನೆ ಎಂದು ಖಾತ್ರಿಯಾಯಿತು. ಗಾಡಿ ನಿಲ್ಲಿಸಿ, ಹೊಲದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸನ್ನು ಸೂಡಿಗೆ ದಾರಿ ಯಾವುದು ಎಂದು ಕೇಳಿದೆ. ಆಕೆ ಕಳೆ ಕೀಳುವ ಕುರ್ಚಿಗಿ ಹಿಡಿದುಕೊಂಡೇ ಎದ್ದು ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ದಿನಾ ಹೋಗೂ ದಾರಿ ಅಲ್ರೀ, ಲೈಬ್ರರಿ ಅಕ್ಕಾರ?”

ಆಮೇಲೆ ಆಕೆಗೆ ಏನು ನೆನಪಾಯಿತೋ, ಸೆರಗು ಬಾಯಿಗೆ ಹಚ್ಚಿಕೊಂಡಳು. ಅವರ ಮೋಟರನ್ನೂ ನಮ್ಮವರೇ ನೋಡುತ್ತಿದ್ದರಂತೆ. ಅವಳು ಅತ್ತಳು, ನಾನೂ ಅತ್ತೆ. ಬೈಕಿನ ಹಿಂದೆ ಎಡಕ್ಕೆ ಮುಖ ಮಾಡಿ ಕೂತು, ಬೆಳಿಗ್ಗೆ ಒಂದು ಬದಿ, ಸಂಜೆ ಇನ್ನೊಂದು ಬದಿ ನೋಡಿಕೊಂಡು ಓಡಾಡಿದವಳಿಗೆ ಇವೆರಡೂ ಒಂದೇ ದಾರಿ ಎಂದು ಗೊತ್ತಾದದ್ದು ಆವತ್ತೇ. ನಡುವಿನದನ್ನು ನೋಡುವ ಕೆಲಸ ಅವರದಾಗಿತ್ತು.

ಮುಂದೆ ಕೆಲವು ದಿನ ಹೀಗೆಯೇ ಆಯಿತು. ಅವರು ನಿಲ್ಲುತ್ತಿದ್ದ ಜಾಗಗಳಲ್ಲೆಲ್ಲ ಜನ ಕೈ ಮಾಡುತ್ತಿದ್ದರು. ಚಹಾದಂಗಡಿಯವನು, ಹೊಲದವರು, ಹಾಲು ಹಾಕಲು ಹೊರಟವರು. ಮಾತಾಡಿಸಬೇಕು, ಹಣೆಬರಹ ಎನ್ನಬೇಕು, ಇಬ್ಬರೂ ಕಣ್ಣೊರೆಸಿಕೊಳ್ಳಬೇಕು. ದುಃಖಕ್ಕೆ ಮುಖ ತಿರುಗಿಸಿ ಮುಂದೆ ಹೋಗು ಎಂದು ಬರೆದವರು ಯಾರೂ ಸೂಡಿಯ ದಾರಿಯಲ್ಲಿ ಓಡಾಡಿದವರಲ್ಲ. ನಾನು ಮತ್ತೆ ತಡವಾಗಿ ಮುಟ್ಟತೊಡಗಿದೆ, ಮೊದಲಿಗಿಂತಲೂ ತಡವಾಗಿ. ಶ್ರಾವಣ ಮುಗಿಯುತ್ತ ಬಂದಿತ್ತು. ಅಣ್ಣ ಫೋನು ಮಾಡಿ, ಖೋಲಿಗೆ ಸುಣ್ಣ ಹೊಡೆಸಿದ್ದೇನೆ ಎಂದ. ಒಂದು ದಿನ ಕೆಂಪು ಕಣ್ಣು ಮಾಡಿಕೊಂಡು ಬೀಗ ತೆಗೆಯುತ್ತಿದ್ದಾಗ ಹುಸೇನಸಾಬ ಅಜ್ಜ ಕಿಟಕಿ ಬಿಟ್ಟು ನನ್ನ ಕಡೆ ಬಂದರು.

“ತಂಗೀ, ಅಂವ ಮಾತಾಡ್ಕೋತ ತಡಾ ಮಾಡ್ತಿದ್ದ, ನೀ ಅಳ್ಕೋತ ತಡಾ ಮಾಡ್ತೀ. ಒಳಗ ಬಿದ್ದ ಪೇಪರಿಗೆ ಎರಡೂ ಒಂದ.” ಆಮೇಲೆ ದನಿ ಇಳಿಸಿ ಹೇಳಿದರು: “ಅಳಬ್ಯಾಡ ಅನ್ನೂದಿಲ್ಲವ್ವಾ. ಇಲ್ಲಿ ಬಂದು ಅಳು. ನಾವು ಪೇಪರ್ ಓದ್ತಿರ್ತೀವಿ.”

ಒಂದು ಕಪಾಟಿನ ಪುಸ್ತಕಗಳು ಹೇಳದ ಉಪಾಯ ಅದು. ಮರುದಿನದಿಂದ ಯಾರು ಕೈ ಮಾಡಿದರೂ ನಾನು ಹಾರ್ನ್ ಹೊಡೆದು, ತಲೆಯಲ್ಲಾಡಿಸಿ ಮುಂದೆ ಬಂದೆ. ಅಳು ಬಂದರೆ ಸೂಡಿಗೆ ಇರಲಿ ಎಂದು ತಡೆದುಕೊಂಡೆ. ಸೂಡಿಗೆ ಬಂದು, ಕಸ ಹೊಡೆದು, ಪೇಪರು ಜೋಡಿಸಿ ಕೂರುವಷ್ಟರಲ್ಲಿ ಎಷ್ಟೋ ಸಲ ಅದು ಬರುತ್ತಿರಲಿಲ್ಲ. ಬಂದ ದಿನ ಅಲ್ಲಿ ಓದಲು ಕೂತ ಅಜ್ಜಂದಿರು ನಿಜವಾಗಿಯೂ ಪೇಪರಿನಿಂದ ತಲೆ ಎತ್ತಲಿಲ್ಲ. ಒಬ್ಬರು ಮಾತ್ರ ಬಹಳ ಹೊತ್ತು ಪುಟ ತಿರುವಲಿಲ್ಲ.

ಈಗ ನಾನು ಸಮಯಕ್ಕೆ ಸರಿಯಾಗಿ ಬೀಗ ತೆಗೆಯುತ್ತೇನೆ. ಅಣ್ಣನ ಖೋಲಿಯಲ್ಲಿ ಜೋಳದ ಚೀಲಗಳಿವೆ. ಇದರಿಂದ ಎಲ್ಲರಿಗೂ ಸಂತೋಷವಾಗಿದೆ ಎನ್ನುವ ಹಾಗಿಲ್ಲ. ಇಷ್ಟು ಲಗೂ ಪೇಪರ್ ಮುಗಿದರೆ ಉಳಿದ ಹೊತ್ತು ಮನೆಯಲ್ಲಿ ಸೊಸೆಯಂದಿರ ಮುಖ ನೋಡುತ್ತ ಕೂರಬೇಕಾಗುತ್ತದೆ ಎಂದು ಹುಸೇನಸಾಬ ಅಜ್ಜ ತಕರಾರು ತೆಗೆದಿದ್ದಾರೆ. ದಾರಿಯಲ್ಲಿ ಜನ ಕೈ ಮಾಡುವುದನ್ನು ಬಿಟ್ಟಿದ್ದಾರೆ. ಮೊನ್ನೆ ಒಬ್ಬನು ಕೈ ಎತ್ತಿದ, ನಾನು ಗಬಕ್ಕನೆ ಬ್ರೇಕು ಹಾಕಿದೆ. ಅವನು ತಲೆ ಕೆರೆದುಕೊಳ್ಳುತ್ತಿದ್ದ. ಏನಾತು ಎಂದು ಕೇಳೋಣವೆನಿಸಿತು, ಆದರೆ ಅವನ ಮೋಟರು ಸುಟ್ಟಿದ್ದರೆ ನಾನು ಏನು ಮಾಡಲಿ ಎಂದು ಮುಂದೆ ಬಂದೆ.

ಬಾಣದ ಹಾಗೆ ಹೋಗುತ್ತೇನೆ ಎಂದವಳು ಈಗ ಎತ್ತಿನ ಬಂಡಿಯ ಹಾಗೆ ಹೋಗುತ್ತೇನೆ. ಕಾರಣ ಗಾಳಿ. ಕ್ರಾಸು ದಾಟಿದ ಕೂಡಲೇ ಅದು ನೇರ ಬಂದು ಎದೆಗೆ ಗುದ್ದುತ್ತದೆ, ಸೆರಗನ್ನು ಮುಖಕ್ಕೆ ಎಸೆಯುತ್ತದೆ, ಗಾಡಿಯನ್ನು ಅಲುಗಾಡಿಸುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟಿಗೆಂದು ಅಷ್ಟೊಂದು ಗಾಳಿ ಪಂಖಗಳನ್ನು ನಿಲ್ಲಿಸಿದವರು ತಿಳಿದೇ ನಿಲ್ಲಿಸಿದ್ದಾರೆ ಎಂದು ಈಗ ಒಪ್ಪುತ್ತೇನೆ. ಈ ವರ್ಷ ಗಾಳಿ ಭಾಳ ಆಗೇತಿ ಎಂದು ಶಾಂತಕ್ಕನ ಮುಂದೆ ದೂರಿದೆ. ಅವಳು ಲೆಕ್ಕದ ಟೀಚರು, ಸುಳ್ಳು ಹೇಳಲು ಬಾರದು. ಗಾಳಿ ಪ್ರತಿವರ್ಷದಷ್ಟೇ ಇದೆ ಎಂದಳು.

ಇರಬೇಕು. ಮೊದಲು ಗಾಳಿಗೂ ನನಗೂ ನಡುವೆ ಒಂದು ಬೆನ್ನು ಇತ್ತು. ಈಗ ಅದು ಇಲ್ಲ.